ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ನನ್ನ ಹೆಂಡತಿ ನನ್ನ ಹೆಸರನ್ನು ಮೊದಲ ಸಲ ಹೇಳಿದ್ದು ಬೈಲಹೊಂಗಲದ ನಮ್ಮ ಮನೆಯ ಹೊಸ್ತಿಲ ಹೊರಗೆ ನಿಂತು. ಮದುವೆಯ ದಿನ. ನನ್ನ ಅಕ್ಕ ಬಾಗಿಲಿಗೆ ಅಡ್ಡ ಕೈ ಹಾಕಿ, "ಒಡಪು ಹಾಕಿ ಹೆಸರ ಹೇಳು, ಆಮ್ಯಾಲ ಒಳಗ" ಎಂದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಇಂಥ ದಿನ ನಾಲ್ಕು ಜನ ಕೇಳಿದಾಗ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಕೂರಿಸಿ ಹೇಳುತ್ತಾಳೆ. ಅದೇ ಒಡಪು. ಅವಳು ತಲೆ ಎತ್ತದೆ ಹೇಳಿದಳು:

ಹತ್ತಿ ಹೊಲದ ಮ್ಯಾಲ ಬೆಳ್ಳಕ್ಕಿ ಹಿಂಡ,
—— ಅಂತಾರ ಇವರಿಗೆ, ಇವರ ನನ್ನ ಗಂಡ.

ಗೆರೆ ಎಳೆದ ಜಾಗದಲ್ಲಿ ನನ್ನ ಹೆಸರಿತ್ತು. ಇಲ್ಲಿ ಅದು ಬೇಡ. ಓಣಿಗೆ ಇಬ್ಬರು ಸಿಗುವ ಹೆಸರು.

ನಾನು ಆಗ ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಸಂಜೆ ಗಿಟಾರ್, ಕೀಬೋರ್ಡ್. ಅವಳು ತನ್ನ ತಾಯಿಯ ಭಜನಾ ಮೇಳದಲ್ಲಿ ಹಾಡಿಕೊಂಡು ಬೆಳೆದವಳು. ಮದುವೆಯಾದ ಎರಡನೇ ವರ್ಷ ಇಬ್ಬರೂ ಸೇರಿ ಸ್ವಂತ ಹಾಡು ಮಾಡತೊಡಗಿದೆವು. ಸಿನಿಮಾ ಹಾಡಲ್ಲ, ಆರ್ಕೆಸ್ಟ್ರಾ ಅಲ್ಲ, ಜಾನಪದವೂ ಅಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಎಂ.ಕೆ. ಹುಬ್ಬಳ್ಳಿಯವರೆಗೂ ಸಿಕ್ಕಿಬಿದ್ದ ಸ್ಕೂಟರಿನ ಬಗ್ಗೆ ಒಂದು, ಬಸ್‌ಸ್ಟ್ಯಾಂಡಿನಲ್ಲಿ ಛತ್ರಿ ಬದಲಾದ ಬಗ್ಗೆ ಒಂದು. ಬೆಂಗಳೂರಿನಲ್ಲಿ ಯಾರೋ ಮೊಬೈಲಿನಲ್ಲಿ ಕೇಳಿ 'ಉತ್ತರ ಕರ್ನಾಟಕದ ಇಂಡಿ ಪಾಪ್ ಜೋಡಿ' ಎಂದು ಬರೆದರು. ಅದನ್ನು ಓದಿದ ನನ್ನ ಮಾವ ಕೇಳಿದರು: "ಇಂಡಿ ವಿಜಾಪುರ ಜಿಲ್ಲಾದಾಗ ಅಲ್ಲೇನ್ರಿ ಅಳಿಯಂದ್ರ? ನಿಮ್ಮೂರು ಇದಲ್ಲ?"

ಒಡಪಿನ ಹಾಡು ನಾಲ್ಕನೆಯದು. ಹೊಸ್ತಿಲ ಮೇಲೆ ಹೇಳಿದ್ದನ್ನೇ ಪಲ್ಲವಿ ಮಾಡೋಣ ಎಂದೆ. ಸಾಲು ಹಾಡಿದಳು, ಹೆಸರು ಹಾಡಲು ಒಪ್ಪಲಿಲ್ಲ.

"ಒಮ್ಮೆ ಹೇಳೇನಲ್ರಿ. ಮಂದಿಗೆಲ್ಲಾ ಕೇಳಸಾಕ ಅದೇನ ಚಾದಂಗಡಿ ಬೋರ್ಡ್ ಏನು?"

ಆ ಜಾಗವನ್ನು ಖಾಲಿ ಬಿಟ್ಟೆ. ನಾಲ್ಕು ಎಣಿಕೆಯಷ್ಟು ಮೌನ, ಹಿಂದೆ ಕೀಬೋರ್ಡಿನ ಒಂದೇ ಸ್ವರ, ಆಮೇಲೆ 'ಇವರ ನನ್ನ ಗಂಡ'. ಹಾಡು ಓಡಿದ್ದು ಆ ಮೌನದಿಂದ. ಕಾಲೇಜುಗಳಲ್ಲಿ ಹುಡುಗಿಯರು ಆ ಜಾಗದಲ್ಲಿ ತಮಗೆ ಬೇಕಾದವನ ಹೆಸರು ಕೂಗುತ್ತಿದ್ದರು. ಮದುವೆಗಳಲ್ಲಿ ಅವಳೇ ಮದುಮಗನ ಹೆಸರು ಹಾಕಿ ಹಾಡಬೇಕು ಎನ್ನುತ್ತಿದ್ದರು. ಬೇರೆಯವರ ಗಂಡನ ಹೆಸರು ಹೇಳಲು ಅವಳಿಗೆ ಅಡ್ಡಿಯಿರಲಿಲ್ಲ. ಮೂರು ವರ್ಷ ಕಿತ್ತೂರಿನಿಂದ ರಾಮದುರ್ಗದವರೆಗೆ ನಾವು ಹೋಗದ ಮಂಗಲ ಕಾರ್ಯಾಲಯವಿಲ್ಲ. ನಾನು ಕೆಲಸ ಬಿಟ್ಟೆ.

ನಾಲ್ಕನೇ ವರ್ಷದ ಬೇಸಿಗೆಗೆ ಮೊದಲು ಅವಳ ಧ್ವನಿಯಲ್ಲಿ ಗಾಳಿ ಸೇರತೊಡಗಿತು. ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಬೆಳಗ್ಗೆ ಎದ್ದು ಮಾತಾಡಲು ಹೊತ್ತು ಹಿಡಿಯುತ್ತಿತ್ತು. ಬೆಳಗಾವಿಯಲ್ಲಿ ಗಂಟಲಿನ ಡಾಕ್ಟರ್ ಒಬ್ಬರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುಗಳ ಮೇಲೆ ಗಂಟುಗಳಾಗಿದ್ದವು.

"ನಲವತ್ತು ದಿನ ಒಂದ ಮಾತೂ ಆಡಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಪಿಸುಮಾತೂ ಬ್ಯಾಡ. ಅದು ಇನ್ನೂ ಕೆಟ್ಟ. ಹಂಗ ಇದ್ರ ಧ್ವನಿ ಪೂರಾ ವಾಪಸ್ ಬರತೈತಿ. ಇಲ್ಲಾಂದ್ರ ಹಾಡೂದ ಮುಗೀತು ಅಂತ ತಿಳೀರಿ."

"ಒಂದ ದಿನ ಬಿಟ್ಟ ಸುರು ಮಾಡತೇವ್ರಿ" ಎಂದೆ.

"ಇವತ್ತಿನಿಂದ" ಎಂದರು.

ನಾನು ಒಂದು ದಿನ ಕೇಳಿದ್ದಕ್ಕೆ ಕಾರಣವಿತ್ತು. ಮುಂದಿನ ನಲವತ್ತು ದಿನಗಳಲ್ಲಿ ಹನ್ನೊಂದು ಮದುವೆ ಒಪ್ಪಿಕೊಂಡಿದ್ದೆ. ಹಾಡುಗಳೆಲ್ಲ ರೆಕಾರ್ಡ್ ಆಗಿಯೇ ಇದ್ದವು. ಅವುಗಳನ್ನು ಹಚ್ಚಿ ಅವಳು ತುಟಿ ಆಡಿಸಿದರೆ ಸಾಕಿತ್ತು. ಇಲ್ಲದ್ದು ಒಡಪಿನ ಹೆಸರುಗಳು ಮಾತ್ರ. ಅವು ಮದುವೆಗೊಂದು. ಹಿಂದಿನ ದಿನ ಮದುಮಗನೇ ಬದಲಾದ ಮದುವೆಗಳೂ ಉಂಟು, ಒಂದೇ ಹಂದರದಲ್ಲಿ ಎರಡು ಜೋಡಿ ನಿಂತದ್ದೂ ಉಂಟು. ಆದ್ದರಿಂದ ನಮ್ಮ ಕಡೆ ಮದುಮಗನಿಗೆ ಇರಬಹುದಾದ ಹೆಸರುಗಳನ್ನೆಲ್ಲ ಅವಳ ಬಾಯಿಂದ ಒಂದೇ ದಿನ ಹೇಳಿಸಿ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಿದೆ.

ಪಟ್ಟಿ ಮಾಡುವುದು ನನಗೆ ಬರುತ್ತಿದ್ದ ಕೆಲಸ. ಮನೆಗೆ ಬಂದ ಲಗ್ನಪತ್ರಿಕೆಗಳ ಕಟ್ಟು, ಹಳೆಯ ಪತ್ರಿಕೆಗಳಲ್ಲಿನ ಫಲಿತಾಂಶದ ಪುಟ, ಸಂಘಗಳ ಪದಾಧಿಕಾರಿಗಳ ಸುದ್ದಿ, ಇವುಗಳಿಂದ ಹೆಸರು ತೆಗೆದೆ. ಅಕಾರಾದಿ ಜೋಡಿಸಿದೆ. ಎರಡು ಸಲ ಬಂದದ್ದನ್ನು ಹೊಡೆದೆ. ಕರಡು ತಿದ್ದುವಂತೆ ಮೂರು ಸಲ ಓದಿದೆ. ನೂರಾ ಎಂಬತ್ತಾರು ಹೆಸರುಗಳಾದವು.

ಅದರಲ್ಲಿ ನನ್ನ ಹೆಸರು ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಸಂಪಾದಕರು ಹೇಳಿಕೊಟ್ಟದ್ದು, ವರದಿಗಾರನ ಹೆಸರು ವರದಿಯೊಳಗೆ ಬರಬಾರದು. ಹನ್ನೆರಡು ವರ್ಷ ಹಾಗೆ ಬರೆದ ಕೈ ಅದನ್ನು ತಾನಾಗಿ ಹಾರಿಸಿತು. ಮೂರು ಸಲ ಓದಿದಾಗಲೂ ಕೊರತೆ ಕಾಣಲಿಲ್ಲ.

ಮಾಳಿಗೆಯ ಮೇಲಿನ ಕೋಣೆಯಲ್ಲಿ ಗೋಡೆಗೆ ಹತ್ತಿಯ ಗಾದಿ ನಿಲ್ಲಿಸಿ ನಾವು ರೆಕಾರ್ಡ್ ಮಾಡುತ್ತಿದ್ದೆವು. ಫ್ಯಾನಿನ ಸಪ್ಪಳ ಬರುತ್ತದೆ ಎಂದು ಆರಿಸಿದೆ. ಕಿಟಕಿ ಮುಚ್ಚಿದೆ. ಮರುದಿನ ಬೆಳಗಿನ ಒಂಬತ್ತಕ್ಕೆ ಶುರು. ಪ್ರತಿ ಹೆಸರನ್ನೂ ಒಂದೇ ಸ್ವರದಲ್ಲಿ, ನಾಲ್ಕು ಎಣಿಕೆಯೊಳಗೆ ಹಾಡಬೇಕು. ಮೊದಲ ಐವತ್ತು ಸರಾಗವಾಗಿ ಹೋದವು. ಎಂಬತ್ತರ ಹೊತ್ತಿಗೆ ಹೆಸರಿನ ಕೊನೆಯ 'ಪ್ಪ' ಬರೀ ಗಾಳಿಯಾಗುತ್ತಿತ್ತು.

"ಇನ್ನೊಮ್ಮೆ."

"ಅಷ್ಟ ಸಾಕ್ರಿ. ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಿ."

ಊಟಕ್ಕೆ ಇಳಿದಾಗ ಅವಳಿಗೆ ರೊಟ್ಟಿ ನುಂಗಲಾಗಲಿಲ್ಲ, ಮಜ್ಜಿಗೆ ಕುಡಿದಳು. ನೂರಾ ಇಪ್ಪತ್ತರಲ್ಲಿ ನಿಂತು ಕೈಮುಗಿದಳು. ತಮಾಷೆಗೆ ಮುಗಿಯುವಂತೆ ಮುಗಿದಳು, ತಮಾಷೆ ಆಗಿರಲಿಲ್ಲ. ನಾನು ಪಟ್ಟಿ ತೋರಿಸಿ, "ಇನ್ನ ಅರವತ್ತಾರ. ಆಮ್ಯಾಲ ನಲವತ್ತ ದಿನ ಸೂಟಿ" ಎಂದೆ. ಕೊನೆಯ ಹೆಸರು ಮುಗಿದಾಗ ಸಂಜೆ ಐದೂವರೆ. ಅವಳು ಗ್ಲಾಸಿನೊಳಗೆ ಉಗುಳಿ, ಬೆಳಕಿಗೆ ಹಿಡಿದು ನೋಡಿದಳು. ಕೆಂಪು ಎಳೆ ಇತ್ತು. ನನಗೆ ತೋರಿಸಲಿಲ್ಲ, ನಾನೇ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಫೈಲುಗಳಿಗೆ ಸಂಖ್ಯೆ ಕೊಡುತ್ತಿದ್ದವನು ಆ ಕೆಲಸ ಮುಂದುವರಿಸಿದೆ.

ಮರುದಿನದಿಂದ ಅವಳು ಬಾಯಿ ಮುಚ್ಚಿದಳು. ಮಕ್ಕಳು ಶಾಲೆಗೆ ಒಯ್ಯುವ ಪಾಟಿಯೊಂದನ್ನು ತಂದುಕೊಟ್ಟೆ. ಏನಿದ್ದರೂ ಬಳಪದಿಂದ ಅದರ ಮೇಲೆ ಬರೆಯುತ್ತಿದ್ದಳು. ಒಂದು ಮೂಲೆಯಲ್ಲಿ ಮಾತ್ರ ದಿನದ ಸಂಖ್ಯೆ, ಅದನ್ನು ಒರೆಸುತ್ತಿರಲಿಲ್ಲ, ಬೆಳಗ್ಗೆ ಎದ್ದ ಕೂಡಲೇ ತಿದ್ದುತ್ತಿದ್ದಳು. ನನ್ನ ತಾಯಿ ಬಂದವರ ಮುಂದೆ, "ಸೊಸಿ ಮೂಕಿ ಆದ್ರ ಮನಿ ಎಷ್ಟ ತಣ್ಣಗಿರತೈತಿ ನೋಡವ್ವಾ. ಮೊದಲ ತಿಳಿದಿದ್ರ ಅಂಥಾಕಿನ್ನ ತರತಿದ್ದೆ" ಎಂದು ನಗುತ್ತಿದ್ದಳು. ಬಂದವರು ನಗುತ್ತಿದ್ದರು. ಅವಳು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು.

ವೇದಿಕೆಯಲ್ಲಿ ಅವಳ ಮೈಕು ಬಂದ್. ನಾನು ಲ್ಯಾಪ್‌ಟಾಪಿನಿಂದ ಹಾಡು ಬಿಡುತ್ತಿದ್ದೆ, ಒಡಪು ಬಂದಾಗ ಸಂಖ್ಯೆ ಒತ್ತುತ್ತಿದ್ದೆ. ಕಿತ್ತೂರಿನಲ್ಲಿ ನಲವತ್ತೊಂದು, ಎಂ.ಕೆ. ಹುಬ್ಬಳ್ಳಿಯಲ್ಲಿ ನೂರಾ ಎಂಟು. ರಾಮದುರ್ಗದಲ್ಲಿ ಮದುಮಗನ ತಾಯಿ ಅವಳ ಗಲ್ಲ ಹಿಡಿದು, "ನಿನ್ನ ಬಾಯಾಗ ನನ್ನ ಮಗನ ಹೆಸರು ಎಷ್ಟ ಚಂದ ಬಂತು" ಎಂದರು. ಯಾರಿಗೂ ತಿಳಿಯಲಿಲ್ಲ.

ತಿಳಿಯಬಾರದು ಎನ್ನುವುದಕ್ಕೆ ನನಗೆ ಬೇರೆಯವರಿಗಿಂತ ಹೆಚ್ಚು ಕಾರಣವಿತ್ತು. ಪತ್ರಿಕೆಯಲ್ಲಿದ್ದಾಗ ಆರ್ಕೆಸ್ಟ್ರಾ ತಂಡವೊಂದು ಪೆನ್‌ಡ್ರೈವ್ ಹಚ್ಚಿ ಹಾಡುವಂತೆ ನಟಿಸಿದ್ದನ್ನು ಹಿಡಿದು ಬರೆದಿದ್ದೆ. 'ಬಾಯಿ ಅವರದು, ಧ್ವನಿ ಪೆನ್‌ಡ್ರೈವಿನದು' ಎಂಬ ಶೀರ್ಷಿಕೆ ನನ್ನದೇ. ಆ ತಂಡಕ್ಕೆ ಆಮೇಲೆ ಯಾರೂ ಹಂದರ ಕೊಡಲಿಲ್ಲ. ಶೀರ್ಷಿಕೆಯನ್ನು ಜನ ಇನ್ನೂ ನೆನಪಿನಿಂದ ಹೇಳುತ್ತಿದ್ದರು.

ಇಪ್ಪತ್ತೇಳನೇ ದಿನ ಬೆಳಗಾವಿಯಲ್ಲಿ ಮತ್ತೆ ಕ್ಯಾಮೆರಾ ಇಳಿಸಿದರು. ಗಂಟುಗಳು ಕರಗುತ್ತಿದ್ದವು. ಒಂದು ಬದಿಯಲ್ಲಿ ರಕ್ತ ಒಸರಿದ ಗುರುತು ಇತ್ತು, ಅದೂ ಮಾಯುತ್ತಿತ್ತು. "ಚಲೋ ಪಥ್ಯಾ ಮಾಡೀರಿ. ಹದಿಮೂರ ದಿನ ಉಳದಾವ. ಈಗ ಹಸಿ ಐತಿ, ಒಂದ ಸಲ ಒದರಿದ್ರೂ ಹರೀತೈತಿ" ಎಂದರು ಡಾಕ್ಟರಮ್ಮ. ಅವಳು ಪಾಟಿಯ ಮೇಲೆ, 'ಹಾಡಬಹುದಾ?' ಎಂದು ಬರೆದು ತೋರಿಸಿದಳು. ಅವರು, "ಹಾಡಬಹುದು, ನನಗೂ ಒಂದ ಹಾಡ ಹಾಡರಿ ಆವಾಗ" ಎಂದರು. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಸರಳಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಬಂದಳು.

ಮೂವತ್ತೊಂದನೇ ದಿನ ಸವದತ್ತಿಯಲ್ಲಿ ಮದುವೆ. ಗಂಡಿನವರು ಉಗರಗೋಳದವರು. ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ, ಅರಿಶಿನದ ಭಂಡಾರ ಮಾರುವ ಅಂಗಡಿ ಅವರದು. ಲಗ್ನಪತ್ರಿಕೆಯಲ್ಲಿದ್ದ ಮದುಮಗನ ಹೆಸರು ನಮ್ಮ ಪಟ್ಟಿಯಲ್ಲಿ ಎಪ್ಪತ್ಮೂರು. ಅಕ್ಷತೆ ಬಿದ್ದ ಮೇಲೆ, ಊಟದ ಪಂಕ್ತಿ ನಡೆದಿದ್ದಾಗ ಒಡಪಿನ ಹಾಡು ಬಿಟ್ಟೆ. ಎಪ್ಪತ್ಮೂರು ಒತ್ತಿದೆ. ಹೆಸರು ಸರಿಯಾಗಿ ಬಂತು. ಚಪ್ಪಾಳೆ ಆಯಿತು.

ಆಗ ಮುಂದಿನ ಸಾಲಿನಲ್ಲಿದ್ದ ಮದುಮಗನ ಅಜ್ಜಿ ಎದ್ದು ವೇದಿಕೆಯ ಬಳಿ ಬಂದಳು. ಹಣೆಯ ತುಂಬ ಭಂಡಾರ.

"ಯವ್ವಾ ತಂಗಿ, ಅದು ಸಾಲ್ಯಾಗ ಬರಿಸಿದ ಹೆಸರು. ತೊಟ್ಟಲದಾಗ ನಾ ಇಟ್ಟ ಹೆಸರು ಬ್ಯಾರೆ ಐತಿ. ಮನಿಮಂದೆಲ್ಲಾ ಅದನ್ನ ಕರಿಯೂದು. ಅದನ್ನ ಹಾಕಿ ಹಾಡು."

ಹೆಸರು ಹೇಳಿದಳು. ಅದು ನನ್ನ ಹೆಸರು.

ಬೈಲಹೊಂಗಲ ಕಡೆಯ ನೆಂಟನೊಬ್ಬ ಪಂಕ್ತಿಯಿಂದಲೇ ಕೂಗಿದ: "ಆಯೀ, ಅದು ಆಕಿ ಗಂಡನ ಹೆಸರ ಐತಿ!" ಹಂದರ ನಕ್ಕಿತು. ಹೆಂಗಸರು ಮುಂದೆ ಬಂದರು. "ಹಂಗಾದ್ರ ಹೇಳಾಕಽ ಬೇಕು." "ಯಾವ ಗಂಡನ ನೆನಸತಿ ತಂಗಿ, ನಿನ್ನ ಗಂಡನೋ ನಮ್ಮ ಹುಡುಗನೋ?" "ನಾಚಿಕಿ ನೋಡ ಆಕಿಗೆ!"

ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ. ಇರಲಿಲ್ಲ.

ಆಗ ನಾನು ಮಾಡಬಹುದಾಗಿದ್ದದ್ದು ಮೂರು. ವಯರು ಕಿತ್ತು, ಕರೆಂಟು ಹೋಯಿತು ಎನ್ನಬಹುದಿತ್ತು. ಹೆಸರನ್ನು ನಾನೇ ಹಾಡಬಹುದಿತ್ತು. ಇವಳಿಗೆ ಗಂಟಲು ಸರಿಯಿಲ್ಲ, ಈ ತಿಂಗಳು ಕೇಳಿದ್ದೆಲ್ಲ ರೆಕಾರ್ಡ್ ಎಂದು ಹೇಳಬಹುದಿತ್ತು. ಮೂರೂ ನನಗೆ ಆ ಕ್ಷಣದಲ್ಲಿಯೇ ಹೊಳೆದವು. ಆಮೇಲೆ ಹೊಳೆದವು ಎಂದರೆ ಸುಳ್ಳಾಗುತ್ತದೆ. ಮೂರನ್ನೂ ಬಿಟ್ಟು ಅವಳ ಮೈಕಿನ ಗುಂಡಿ ಒತ್ತಿದೆ. ಮಿಕ್ಸರಿನ ಮೇಲಿನ ಕೆಂಪು ದೀಪ ಹಸಿರಾಯಿತು. ಅವಳು ಅದನ್ನು ನೋಡಿದಳು. ನನ್ನನ್ನು ನೋಡಿ, ಜನರಿಗೆ ಕಾಣದಷ್ಟು, ತಲೆ ಅಲ್ಲಾಡಿಸಿದಳು.

ನಾನು ನನ್ನ ಮೈಕಿನಲ್ಲಿ ಹೇಳಿದೆ: "ಮನ್ಯಾಗ ಇಷ್ಟ ಸುಮ್ನ ಇರಂಗಿಲ್ರಿ ಇಕಿ! ಗಂಡನ ಹೆಸರು ಅಂದ ಕೂಡಲೇ ನಾಲಿಗಿ ಬಿದ್ದೈತಿ. ಚಪ್ಪಾಳಿ ಹೊಡೀರಿ, ಬಾಯಿ ಬಿಡತಾಳ."

ಚಪ್ಪಾಳೆ ಹೊಡೆದರು. ನಾನು ಕೀಬೋರ್ಡಿನಲ್ಲಿ ಸ್ವರ ಹಿಡಿದು ನಿಂತೆ.

ಮೊದಲ ಸಲ ಹೇಳಿದಾಗ ಅವಳ ಧ್ವನಿ ಸ್ವಚ್ಛವಾಗಿತ್ತು. ಇದನ್ನು ದಾಖಲಿಸಬೇಕು. ಮೂವತ್ತು ದಿನದ ಮೌನ ಏನು ಮಾಡಬೇಕಿತ್ತೋ ಅದನ್ನು ಮಾಡಿತ್ತು. ಹೊಸ್ತಿಲ ಮೇಲೆ ಕೇಳಿದ ಅದೇ ಧ್ವನಿ. ಆದರೆ ಮೆಲ್ಲಗೆ ಹೇಳಿದಳು, ಹಿಂದಿನ ಸಾಲುಗಳಿಗೆ ಮುಟ್ಟಲಿಲ್ಲ.

"ಕೇಳಲಿಲ್ಲಾ!" ಎಂದರು. "ವನ್ಸ್ ಮೋರ್!" ಹೊರಗೆ ಹಲಗೆಯವರು ಬಾರಿಸುತ್ತಿದ್ದರು. ನಾನು ಕೈಯಿಂದ 'ಏರಿಸು' ಎಂದು ಸನ್ನೆ ಮಾಡಿದೆ. ಎರಡನೇ ಸಲ ಏರಿಸಿದಳು, ನಡುವಿನ ಅಕ್ಷರ ಒಡೆಯಿತು. ಅಜ್ಜಿ ಮೂರು ಬೆರಳು ತೋರಿಸಿ, "ತೊಟ್ಟಲದಾಗ ಮೂರ ಸಲ ಕರೀತಾರವ್ವಾ, ಇನ್ನೊಂದ ಆಗಲಿ" ಎಂದಳು. ನಾನು ಮತ್ತೆ ಸ್ವರ ಕೊಟ್ಟೆ. ಮೂರನೇ ಸಲ ಅವಳು ಒದರಿದಳು. ಹೆಸರಿನ ಮೊದಲರ್ಧ ಕೇಳಿಸಿತು. ಉಳಿದರ್ಧದಲ್ಲಿ ಬಟ್ಟೆ ಹರಿದಂಥ ಸದ್ದು ಬಂತು, ಆಮೇಲೆ ಬರೀ ಉಸಿರು. ಹುಡುಗಿಯರು ಅದನ್ನು ನಾಚಿಕೆ ಎಂದುಕೊಂಡು ಸಿಳ್ಳೆ ಹೊಡೆದರು. 'ಇವರ ನನ್ನ ಗಂಡ' ಎಂಬ ಸಾಲನ್ನು ನಾನು ಲ್ಯಾಪ್‌ಟಾಪಿನಿಂದ ಬಿಟ್ಟೆ.

ವಾಪಸ್ ಬರುವಾಗ ಅವಳು ಕರವಸ್ತ್ರ ಬಾಯಿಗೆ ಹಿಡಿದಿದ್ದಳು. ಪಾಟಿ ತೆಗೆದು, ಮೂಲೆಯ '31' ಅನ್ನು ಒರೆಸಿ '1' ಎಂದು ಬರೆದಳು. ಸ್ವಲ್ಪ ಹೊತ್ತಿಗೆ ಅದನ್ನೂ ಒರೆಸಿದಳು.

ಬೆಳಗಾವಿಯಲ್ಲಿ ಡಾಕ್ಟರಮ್ಮ ಪರದೆಯನ್ನು ಬಹಳ ಹೊತ್ತು ನೋಡಿದರು. "ಯಾರ ಮಾತಾಡ್ಸಿದ್ರು ಇವರನ್ನ?" ಎಂದರು.

"ಮದುವಿ ಮನಿಯಾಗ ಭಾಳ ಒತ್ತಾಯ ಆತ್ರಿ" ಎಂದೆ. ಕರ್ತೃವಿಲ್ಲದ ವಾಕ್ಯ. ಯಾರ ಮೇಲೂ ಬರದಂತೆ ಸುದ್ದಿ ಬರೆಯುವಾಗ ಬಳಸುವಂಥದು.

ಅವಳು ಪಾಟಿಯ ಮೇಲೆ ಒಂದೇ ಶಬ್ದ ಬರೆದು ಅವರ ಕಡೆ ತಿರುಗಿಸಿದಳು: 'ಇವರು.'

ಗಾಯ ಮಾಯಿತು, ಕಲೆ ಉಳಿಯಿತು. ಕಲೆಯಾದ ತಂತು ಮೊದಲಿನಂತೆ ಅಲುಗುವುದಿಲ್ಲ. ಮಾತಾಡಬಹುದು, ಹಾಡಲಾಗದು ಎಂದರು. ಶಸ್ತ್ರಕ್ರಿಯೆಯ ಬಗ್ಗೆ ಕೇಳಿದೆ. ಇದ್ದದ್ದೂ ಹೋಗಬಹುದು ಎಂದರು. ಎರಡು ತಿಂಗಳ ನಂತರ ಮಾತಾಡಲು ಅನುಮತಿ ಕೊಟ್ಟರು.

ಆ ದಿನ ಮಧ್ಯಾಹ್ನ ಮನೆಯಲ್ಲಿ ನನ್ನ ತಾಯಿ, ಅಕ್ಕ ಇದ್ದರು. ನಾನು ಹೊರಗೆ ಹೊರಟಿದ್ದೆ. ಅಡುಗೆಮನೆಯಿಂದ ನನ್ನ ಹೆಸರು ಕೇಳಿಸಿತು. 'ರೀ' ಇಲ್ಲ, 'ಏನ್ರಿ' ಇಲ್ಲ, ಬರೀ ಹೆಸರು. ಒಣ ಜೋಳದ ದಂಟು ಮುರಿದಂಥ ಧ್ವನಿ. ಯಾರೆಂದು ನನಗೆ ಕ್ಷಣ ತಿಳಿಯಲಿಲ್ಲ.

ನನ್ನ ತಾಯಿ ಎದ್ದೇಬಿಟ್ಟಳು. "ಏನಽ ಇದು? ಗಂಡನ ಹೆಸರ ಹಿಡದ ಕರಿಯೂದು? ನಾಚಿಕಿ ಐತಿಲ್ಲ?"

"ಹೋತ್ರಿ ಅತ್ತಿ" ಎಂದಳು ಅವಳು. ಒಂದೊಂದು ಶಬ್ದಕ್ಕೂ ಉಸಿರು ತೆಗೆದುಕೊಳ್ಳುತ್ತ ಹೇಳಿದಳು. "ಸವದತ್ಯಾಗ ಮೂರ ಸಲ ಹೇಳಿಸ್ಯಾರ. ಬಾಯಿಪಾಠ ಆಗೇತಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಅಂದಿನಿಂದ ಅವಳು ನನ್ನನ್ನು ಹೆಸರಿನಿಂದಲೇ ಕರೆಯುತ್ತಾಳೆ, ಬಜಾರಿನಲ್ಲೂ, ನೆಂಟರ ಮುಂದೆಯೂ. ವೇದಿಕೆಗೆ ಬರುವುದಿಲ್ಲ. ಮನೆಯ ಕೆಳಗಿನ ಕೋಣೆಯಲ್ಲಿ ಹೊಲಿಗೆ ಹಾಕುತ್ತಾಳೆ. ಅಲ್ಲಿ ಮಾತು ಕಡಿಮೆ ಸಾಕಾಗುತ್ತದೆ. ನಾನು ಒಬ್ಬನೇ ಹೋಗುತ್ತೇನೆ. ಜನ ಅವಳನ್ನು ಕೇಳುತ್ತಾರೆ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತೇನೆ, ಹಾಡು ಬಿಡುತ್ತೇನೆ, ಸಂಖ್ಯೆ ಒತ್ತುತ್ತೇನೆ. ರೆಕಾರ್ಡ್ ಎಂದು ಈಗ ಎಲ್ಲರಿಗೂ ಗೊತ್ತು. ಯಾರೂ ಏನೂ ಅನ್ನುವುದಿಲ್ಲ. ಅದು ತಿಳಿಯಬಾರದು ಎಂದೇ ನಾನು ಅಂದು ಗುಂಡಿ ಒತ್ತಿದ್ದು.

ನಮ್ಮ ಪ್ರತಿ ಕಾರ್ಯಕ್ರಮವನ್ನೂ ಮಿಕ್ಸರಿನಿಂದ ರೆಕಾರ್ಡ್ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಸವದತ್ತಿಯದೂ ಇತ್ತು. ಹೋದ ತಿಂಗಳು ಕಿತ್ತೂರಿನಿಂದ ಮದುವೆಯೊಂದು ಬಂತು. ಮದುಮಗನದು ಮತ್ತೆ ನನ್ನದೇ ಹೆಸರು. ಆ ಫೈಲು ತೆರೆದು, ಅವಳು ಮೊದಲ ಸಲ ಹೇಳಿದ್ದನ್ನು ಕತ್ತರಿಸಿ, ಹಲಗೆಯ ಸದ್ದು ತೆಗೆದು, ನೂರಾ ಎಂಬತ್ತೇಳು ಎಂದು ಸಂಖ್ಯೆ ಕೊಟ್ಟೆ. ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದೆ.

ಬಾಗಿಲಲ್ಲಿ ಅವಳು ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು.

"ಇನ್ನೊಮ್ಮೆ ಹಚ್ಚು" ಎಂದಳು. ಹಚ್ರಿ ಅಲ್ಲ, ಹಚ್ಚು.

ಹಚ್ಚಿದೆ. ಪೂರ್ತಿ ಕೇಳಿದಳು. ಗಾದಿಗೆ ಒರಗಿ, ಗಂಟಲಿನ ಮೇಲೆ ಎರಡು ಬೆರಳು ಇಟ್ಟುಕೊಂಡು ಕೇಳಿದಳು.

"ಚಲೋ ಇತ್ತಲ್ಲ" ಎಂದಳು. ಆಮೇಲೆ, "ಅಳಸು."

ಅವಳ ಮುಂದೆಯೇ ಅಳಿಸಿದೆ.

"ಎರಡನೇ ಕಾಪಿ ಎಲ್ಲೈತಿ?"

ಒಂಬತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು. ಎರಡು ಪ್ರತಿ ಇಲ್ಲದೆ ನಾನು ಏನನ್ನೂ ಇಡುವುದಿಲ್ಲ ಎಂದು ಅವಳಿಗೆ ಗೊತ್ತು.

"ಇಲ್ಲ" ಎಂದೆ.

ಇತ್ತು. ಈಗಲೂ ಇದೆ. ಮರುದಿನ ಕಿತ್ತೂರಿನಲ್ಲಿ ಅದನ್ನೇ ಬಿಟ್ಟೆ.

'ಇಲ್ಲ' ಎಂದದ್ದಕ್ಕೆ ಅವಳು ನನ್ನ ಹೆಸರು ಹೇಳಿದಳು. ಕರೆದದ್ದಲ್ಲ, ಸಿಟ್ಟೂ ಅಲ್ಲ. ಆ ದಿನ ಬೆಳಗಿನಿಂದ ಸಂಜೆಯವರೆಗೆ ನೂರಾ ಎಂಬತ್ತಾರು ಹೆಸರು ಹೇಳಿದ್ದಳಲ್ಲ, ಹಾಗೆ ಹೇಳಿದಳು. ಹೇಳಿ, ಪಟ್ಟಿಯ ಮುಂದಿನ ಹೆಸರನ್ನು ಕಾಯುವವಳಂತೆ ನಿಂತು, ಕೆಳಗೆ ಹೋಗಿ ಮಷೀನು ತುಳಿಯತೊಡಗಿದಳು.